ಕಲ್ಲು, ಕಡತ, ಕದಿರು: ತಗಡೂರು ಸೀಮೆ ತನ್ನ ವೀರರನ್ನು ಬರೆದ ಬಗೆ

ಕಪಿಲೆ–ಕಾವೇರಿಗಳ ಈ ಸೀಮೆಯಲ್ಲಿ ವೀರ ಯಾರು ಎಂಬ ಪ್ರಶ್ನೆಗೆ ಮೊದಲು ಉತ್ತರ ಬರೆದವನು ಕವಿಯಲ್ಲ, ಕಲ್ಲುಕುಟಿಗ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನಿಗೆ ಊರವರು ಒಂದು ಕಲ್ಲು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಮನೆಯವರಿಗೆ ನೆತ್ತರುಗೊಡಗೆಯೆಂದು ಒಂದು ತುಂಡು ನೆಲ. ಅಷ್ಟೇ ಏಕೆ, ಪಕ್ಕದ ಮದ್ದೂರು ಸೀಮೆಯ ಆತಕೂರಿನಲ್ಲಿ ಸುಮಾರು 949ರ ಕಲ್ಲೊಂದು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತಿತು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಇದೇ ನಾಯಿಯನ್ನು. ನಮ್ಮ ಶಾಲೆಯ ಪುಸ್ತಕಗಳಿಗಿಂತ ಆ ಕಾಲದ ಕಲ್ಲಿನ ಮನಸ್ಸು ದೊಡ್ಡದಿತ್ತು ಎನ್ನಲೇಬೇಕು.

ಆಮೇಲೆ ಬರವಣಿಗೆ ಅರಮನೆಯ ಕಡೆಗೆ ತಿರುಗಿತು. ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ 'ತಲಕಾಡುಗೊಂಡ'ನಾದ. ಅಲ್ಲಿ ಬಿದ್ದ ಆಳುಗಳು ಬಿರುದಿನ ಅಡಿಯಲ್ಲಿ ಮರೆಯಾದರು. ಒಡೆಯರ ಕಾಲದ ವಂಶಾವಳಿಗಳಂತೂ ದೊರೆಯಿಂದ ದೊರೆಗೆ ದಾಟುತ್ತವೆ, ನಡುವೆ ಊರು ಸಿಗುವುದಿಲ್ಲ.

ಇಂಗ್ಲಿಷರು ಬಂದ ಮೇಲೆ ವೀರನ ಪಕ್ಕದಲ್ಲಿ ಖಳನೂ ಬೇಕಾದ. 1810ರಿಂದ ಅಚ್ಚಾಗತೊಡಗಿದ ಮಾರ್ಕ್ ವಿಲ್ಕ್ಸ್‌ನ ಮೈಸೂರು ಚರಿತ್ರೆಯಲ್ಲಿ ಟಿಪ್ಪು ಬರೀ ಮತಾಂಧ. ನಂಜನಗೂಡಿನ ಗುಡಿಗೆ ಹೋದರೆ ಅದೇ ಟಿಪ್ಪು ಕೊಟ್ಟನೆನ್ನುವ ಪಚ್ಚೆಲಿಂಗವಿದೆ. ಪಟ್ಟದಾನೆಯ ಕಣ್ಣು ವಾಸಿಯಾದದ್ದಕ್ಕೆ ಅವನು ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಕತೆಯೂ ಇದೆ. ಒಂದನ್ನು ಓದಿ ಇನ್ನೊಂದನ್ನು ಕೇಳದವರೇ ಇಂದಿಗೂ ಈ ವಿಷಯದಲ್ಲಿ ಗಂಟಲು ಹರಿದುಕೊಳ್ಳುವುದು.

ಕಲ್ಲಿಗೆ ಮತ್ತೆ ಬಾಯಿ ಬಂದದ್ದು ಬಿ. ಎಲ್. ರೈಸ್ ಅವರಿಂದ. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೂರನೆಯ ಸಂಪುಟವಾಗಿ 1894ರಲ್ಲಿ ಹೊರಬಂದವು. ಹೊಲದ ಬದುವಿನಲ್ಲಿ ಅರ್ಧ ಹೂತಿದ್ದ ಹೆಸರುಗಳು ಅಚ್ಚಿನ ಹಾಳೆಗೆ ಏರಿದವು. ಆದರೆ ಪಂಡಿತರು ಅವನ್ನು ಬಹುಕಾಲ ಓದಿದ್ದು ರಾಜರ ತೇದಿ ಹುಡುಕಲಿಕ್ಕೆ. ಸತ್ತವನು ಯಾರು, ಯಾತಕ್ಕೆ ಸತ್ತ ಎಂದು ಕೇಳುವ ಓದು ಬಲಗೊಂಡದ್ದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಿಂದ (1966), ಮುಂದೆ ಆರ್. ಶೇಷಶಾಸ್ತ್ರಿಯವರು ವೀರಗಲ್ಲುಗಳನ್ನೇ ವಿಷಯ ಮಾಡಿಕೊಂಡು ಪುಸ್ತಕ ಬರೆದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಾನಪದದವರು ಮಂಟೇಸ್ವಾಮಿಯನ್ನು ಹಾಡುವ ನೀಲಗಾರರ, ಮಾದಪ್ಪನನ್ನು ಹಾಡುವ ದೇವರಗುಡ್ಡರ ಎದುರು ಕೂತರು. ಆ ಹಾಡುಗಾರರ ಕತೆಗಳಲ್ಲಿ ದೊಡ್ಡವನಾಗುವುದು ಬೇಡುತ್ತ ಬಂದ ಜೋಗಿ, ಸೋಲುವುದು ಸಿರಿವಂತ.

ಮಕ್ಕಳ ಕೈಗೆ ಮಾತ್ರ ಬೇರೆ ಪುಸ್ತಕ ಹೋಯಿತು. 1970ರ ದಶಕದ 'ಭಾರತ ಭಾರತಿ' ಮಾಲೆ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ, ಐನೂರಕ್ಕೂ ಹೆಚ್ಚು ಕಿರುಹೊತ್ತಗೆಗಳಲ್ಲಿ ದೇಶದ ದೊಡ್ಡವರನ್ನೆಲ್ಲ ಮನೆಗೆ ತಂದಿತು. ನನ್ನ ಓದು ಶುರುವಾದದ್ದೂ ಅಲ್ಲಿಂದಲೇ, ಆ ಋಣ ಇದೆ. ಆದರೆ ಅದರ ನಾಯಕರು ಬಹುಮಟ್ಟಿಗೆ ಕಳಂಕವಿಲ್ಲದವರು. ಅವರಿಗೆ ನೆರೆಹೊರೆಯಿಲ್ಲ, ಜಗಳವಿಲ್ಲ.

ತಗಡೂರಿನ ಕತೆ ಆ ಅಚ್ಚಿಗೆ ಒಗ್ಗುವುದಿಲ್ಲ. ತಗಡೂರು ರಾಮಚಂದ್ರರಾಯರು ಸೆರೆಮನೆ ಕಂಡ ಹೋರಾಟಗಾರರು ನಿಜ. ಆದರೆ ಅವರು ಆಯುಷ್ಯ ಸವೆಸಿದ್ದು ನೂಲಿನ ಕೆಲಸದಲ್ಲಿ, ಅಸ್ಪೃಶ್ಯತೆಯ ವಿರುದ್ಧದ ದುಡಿಮೆಯಲ್ಲಿ. ಪಕ್ಕದ ಬದನವಾಳಿನಲ್ಲಿ 1927ರಲ್ಲಿ ಖಾದಿ ಕೇಂದ್ರ ಎದ್ದಿತು. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಈ ಸೀಮೆಗೆ ಬಂದರು. ಇಷ್ಟನ್ನು ಬರೆದವರು ಅನೇಕರು. ಆದರೆ ಆ ಕೇಂದ್ರ ಅನ್ನ ಕೊಟ್ಟದ್ದು ಕದಿರು ತಿರುಗಿಸಿದ ಹೆಂಗಸರಿಗೆ. ಅವರ ಹೆಸರು ಯಾವ ಸಂಪುಟದಲ್ಲಿದೆ? ಅದೇ ಬದನವಾಳಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ಗಾಂಧಿ ಬಂದದ್ದನ್ನು ಬರೆದು ಇದನ್ನು ಬಿಟ್ಟರೆ ಅದು ಚರಿತ್ರೆಯಲ್ಲ, ವಂಶಾವಳಿ.

ತಗಡೂರು, ಬದನವಾಳಿನ ಮನೆಗಳಲ್ಲಿ ಅಜ್ಜಿ ನೂತ ಕತೆ ಬಲ್ಲವರು ಇನ್ನೂ ಇರಬೇಕು. ಬಿಡುವಾದಾಗ ಕೂರಿಸಿಕೊಂಡು ಕೇಳಿ. ಹೆಸರು, ಕೇರಿ, ದಿನದ ಕೂಲಿ ಎಷ್ಟಿತ್ತು ಎಂಬುದನ್ನಾದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.