ಎತ್ತರಕ್ಕೆ ತಕ್ಕ ಪೆಟ್ರೋಲು: ಬೆಂಗಳೂರಿನ ಲಘು ವಿಮಾನಗಳ ಕಥೆ

ಕೆಂಚಾರ್ಲಹಳ್ಳಿಯಲ್ಲಿ ನೀರು ಕುದಿಸಿ ಅದರಲ್ಲಿ ಉಷ್ಣತಾಮಾಪಕ ಇಟ್ಟು ನೋಡಿ. ಪಾದರಸ 100 ಡಿಗ್ರಿ ಮುಟ್ಟದು. 97ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಾಪಕ ಕೆಟ್ಟಿಲ್ಲ. ಚಿಂತಾಮಣಿ, ಚಿಕ್ಕಬಳ್ಳಾಪುರ, ಬೆಂಗಳೂರುಗಳಿರುವ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 850-900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಬೆಂಗಳೂರಿನಲ್ಲಿ ವಿಮಾನ ಹಾರಿಸಹೊರಟವರಿಗೆ ಇದೇ ಕಾರಣದಿಂದ ಒಂದು ತೊಡಕು ನೆಲದ ಮೇಲೇ ಎದುರಾಯಿತು.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಇವೆರಡನ್ನು ಬೆರೆಸುವ ಕೆಲಸ ಕಾರ್ಬುರೇಟರಿನದು. ಅದರ ಕಿರಿದಾದ ಕೊರಳಿನಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿದು, ಸಣ್ಣ ರಂಧ್ರದಿಂದ ಪೆಟ್ರೋಲು ಹೊರಚಿಮ್ಮುತ್ತದೆ. ತೊಡಕು ಇರುವುದು ಇಲ್ಲಿಯೇ. ವೇಗ ಅಷ್ಟೇ ಇದ್ದರೂ ಗಾಳಿ ತೆಳುವಾದರೆ, ಒಳಬರುವ ಗಾಳಿಯ ತೂಕ ಸಾಂದ್ರತೆಯ ಅನುಪಾತದಲ್ಲಿ ಇಳಿಯುತ್ತದೆ. ಒತ್ತಡದ ಇಳಿತವೂ ಸಾಂದ್ರತೆಯ ಅನುಪಾತದಲ್ಲೇ ಕುಗ್ಗುತ್ತದೆ. ಆದರೆ ಪೆಟ್ರೋಲಿನ ಹರಿವು ಅವಲಂಬಿಸಿರುವುದು ಆ ಇಳಿತದ ವರ್ಗಮೂಲವನ್ನು. ಅಂದರೆ ಗಾಳಿ ಇಳಿದಷ್ಟು ಪೆಟ್ರೋಲು ಇಳಿಯುವುದಿಲ್ಲ.

ನೀವೇ ಲೆಕ್ಕ ಹಾಕಬಹುದು. 30 ಡಿಗ್ರಿ ಸೆಲ್ಸಿಯಸ್‌ನ ಬೆಂಗಳೂರಿನ ಮಧ್ಯಾಹ್ನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಬೆಲೆಯ 0.85 ಭಾಗ. ಅದರ ವರ್ಗಮೂಲ 0.92. ಇದನ್ನು 0.85ರಿಂದ ಭಾಗಿಸಿದರೆ 1.08. ಸಮುದ್ರಮಟ್ಟಕ್ಕೆ ಹೊಂದಿಸಿದ ಎಂಜಿನ್ನಿಗೆ ಇಲ್ಲಿ ಶೇಕಡ 8ರಷ್ಟು ಹೆಚ್ಚು ಪೆಟ್ರೋಲು! 3,000 ಮೀಟರ್ ಎತ್ತರದಲ್ಲಿ ಇದು ಶೇಕಡ 16. ಮಿಶ್ರಣ ಅತಿಯಾದರೆ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಎಂಜಿನ್ ಒರಟಾಗಿ ಓಡುತ್ತದೆ, ಶಕ್ತಿಯೂ ಕುಂದುತ್ತದೆ.

ಮೊದಲ ಮಹಾಯುದ್ಧದ ವಿಮಾನಿಗಳು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಸಾಪ್‌ವಿತ್ ಕ್ಯಾಮೆಲ್ ವಿಮಾನದ ಕ್ಲೆರ್ಜೆ ಎಂಜಿನ್ನಿಗೆ, ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಪೆಟ್ರೋಲನ್ನು ಕೈಯಾರೆ ತಗ್ಗಿಸಬೇಕಿತ್ತು. ಮರೆತರೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತಿತ್ತು. ಕಲಿಯುವ ಹಂತದಲ್ಲೇ ಸತ್ತವರು ಕೆಲವರಲ್ಲ.

ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭವಾದದ್ದು 1940ರ ಡಿಸೆಂಬರ್‌ನಲ್ಲಿ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ವಿನ್ಯಾಸಗೊಂಡ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. ವಿಮಾನ ನಮ್ಮದು, ಎಂಜಿನ್ ಇಂಗ್ಲೆಂಡಿನದು: ಮೊದಲ ಮಾದರಿಗೆ ಜಿಪ್ಸಿ ಮೇಜರ್, ಅನಂತರ 155 ಅಶ್ವಶಕ್ತಿಯ ಸಿರಸ್ ಮೇಜರ್. ಆ 155 ಸಮುದ್ರಮಟ್ಟದ ಲೆಕ್ಕ. ನಾವು ಮೇಲೆ ಹೇಳಿದ ಮಧ್ಯಾಹ್ನದಲ್ಲಿ ಆರರಲ್ಲೊಂದು ಪಾಲು ಶಕ್ತಿ ಇಲ್ಲವೆಂದೇ ತಿಳಿಯಬೇಕು. ಇಲ್ಲೊಂದು ಸೂಕ್ಷ್ಮವಿದೆ, ತರಗತಿಯಲ್ಲಿ ಇದನ್ನು ಒತ್ತಿ ಹೇಳುವುದು ಒಳ್ಳೆಯದು. ಮಿಶ್ರಣವನ್ನು ಸರಿಪಡಿಸಿದರೆ ಸರಿಹೋಗುವುದು ಅನುಪಾತ ಮಾತ್ರ. ಇಲ್ಲದ ಗಾಳಿ ಮರಳಿ ಬರುವುದಿಲ್ಲ.

ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ವಿದ್ಯಾರ್ಥಿಗಳು ಸೆಸ್ನಾ 152, 172 ವಿಮಾನಗಳಲ್ಲಿ ಕಲಿತವರು. ಅವುಗಳ ಕೈಪಿಡಿಯ ಸೂಚನೆ ಸ್ವಾರಸ್ಯವಾಗಿದೆ. 3,000 ಅಡಿಗಿಂತ ಎತ್ತರದ ನಿಲ್ದಾಣವಾದರೆ, ಹಾರುವ ಮುನ್ನ ನಿಂತಲ್ಲೇ ಎಂಜಿನ್ನನ್ನು ಪೂರ್ತಿ ವೇಗಕ್ಕೆ ತಂದು, ಮಿಶ್ರಣದ ಕೆಂಪು ಗುಬುಟನ್ನು ನಿಧಾನವಾಗಿ ಎಳೆಯಬೇಕು. ಸುತ್ತುಗಳು ಏರಿ ಮತ್ತೆ ಇಳಿಯತೊಡಗುತ್ತವೆ. ಅತಿ ಹೆಚ್ಚು ಸುತ್ತು ಬರುವಲ್ಲಿ ಗುಬುಟು ನಿಲ್ಲಬೇಕು. ಜಕ್ಕೂರು ಇರುವುದು ಹೆಚ್ಚುಕಡಿಮೆ 3,000 ಅಡಿಯಲ್ಲಿ, ಸರಿಯಾಗಿ ಗೆರೆಯ ಮೇಲೆ! ಹಾಗೆಂದು ಕೆಳಗಿನ ನಿಲ್ದಾಣಗಳಲ್ಲಿಯೂ ಎಳೆಯಬಹುದೇ? ಕೂಡದು. ಪೂರ್ಣ ಶಕ್ತಿಯಲ್ಲಿ ಓಡುವಾಗ ಹೆಚ್ಚುವರಿ ಪೆಟ್ರೋಲು ಸಿಲಿಂಡರನ್ನು ತಂಪಾಗಿಡುತ್ತದೆ. ಮಿಶ್ರಣ ತೀರ ತೆಳುವಾದರೆ ಸಿಲಿಂಡರ್ ಕಾದು, ದಹನ ಸ್ಫೋಟದಂತಾಗಿ ಎಂಜಿನ್ ಹಾಳಾದೀತು. ಎತ್ತರದಿಂದ ಇಳಿದು ಬರುವಾಗ ಗುಬುಟನ್ನು ಮತ್ತೆ ಒಳದೂಡಲು ಮರೆಯುವುದೂ ಇಷ್ಟೇ ಅಪಾಯ.

ಇಲ್ಲದ ಗಾಳಿಯನ್ನು ಒಳತುಂಬಲು ಬೇರೆ ದಾರಿಯಿತ್ತು. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ, ಲಿಬರ್ಟಿ ಎಂಜಿನ್ನೊಂದನ್ನು ಸಾಗಿಸಿದರು. ಸಮುದ್ರಮಟ್ಟದ ಹತ್ತಿರ 350 ಅಶ್ವಶಕ್ತಿ ಕೊಡುತ್ತಿದ್ದದ್ದು ಅಲ್ಲಿ 230ಕ್ಕೆ ಇಳಿಯಿತು. ಹೊಗೆಯ ರಭಸದಿಂದ ತಿರುಗುವ ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ-3, 2000ದಲ್ಲಿ ಪ್ರಮಾಣಪತ್ರ ಪಡೆದಾಗ ಅದರಲ್ಲಿದ್ದದ್ದು ಟರ್ಬೊ ಇರುವ ರೋಟಾಕ್ಸ್ 914 ಎಂಜಿನ್. ಅದರ ಕಾರ್ಬುರೇಟರುಗಳು ಎತ್ತರಕ್ಕೆ ತಾವೇ ಹೊಂದಿಕೊಳ್ಳುತ್ತವೆ.

2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ಹಂಸದ ಹೊಸ ಪೀಳಿಗೆಯಲ್ಲಿ ಟರ್ಬೊ ಇಲ್ಲ, ಕಾರ್ಬುರೇಟರೂ ಇಲ್ಲ. ಒತ್ತಡ, ಉಷ್ಣತೆಗಳನ್ನು ಸಂವೇದಕಗಳು ಅಳೆಯುತ್ತವೆ, ಪೆಟ್ರೋಲಿನ ಪ್ರಮಾಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಮಿಶ್ರಣದ ಗುಬುಟಿಗೆ ಅಲ್ಲಿ ಕೆಲಸವಿಲ್ಲ. ಆದರೆ ಹಂಸದಲ್ಲಿ ಕಲಿತ ವಿದ್ಯಾರ್ಥಿ ನಾಳೆ ಸೆಸ್ನಾದಲ್ಲಿ ಕುಳಿತರೆ ಕೆಂಪು ಗುಬುಟು ಕೈಗೆಟುಕುವಲ್ಲೇ ಇರುತ್ತದೆ. ಅದನ್ನು ಎಷ್ಟು ಎಳೆಯಬೇಕೆಂದು ಆಗ ಅವರೇ ನಿರ್ಧರಿಸಬೇಕು.