ಇಪ್ಪತ್ತು ವರ್ಷದ ಕರಾರು

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ 1917ರ ಜೂನ್‌ವರೆಗೆ ಕಾಲೇಜೆಂಬುದೇ ಇರಲಿಲ್ಲ. ಆ ತಿಂಗಳು ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದಕ್ಕೆ ಮೊದಲು ಬೆಳಗಾವಿಯ ಅಥವಾ ವಿಜಾಪುರದ ಹುಡುಗನೊಬ್ಬ ಮೆಟ್ರಿಕ್ ಮುಗಿಸಿ ಮುಂದೆ ಓದಬಯಸಿದರೆ ಗಂಟುಮೂಟೆ ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಹೊರಡಬೇಕಿತ್ತು. ಪುಣೆಗೆ ಹೋದವರು ಪದವಿಯೊಡನೆ ಇನ್ನೊಂದನ್ನೂ ಕಂಡು ಬಂದರು. ಸರ್ಕಾರದ್ದೂ ಅಲ್ಲದ, ಮಿಷನರಿಗಳದ್ದೂ ಅಲ್ಲದ, ಪಾಠ ಹೇಳುವವರೇ ಕೂಡಿ ನಡೆಸುವ ಕಾಲೇಜು ಅದು.

ಅದರ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1880ರಲ್ಲಿ ಚಿಪಳೂಣಕರ, ತಿಲಕ ಮೊದಲಾದವರು ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಆಗರಕರರು ಬೇಗನೆ ಜೊತೆಗೂಡಿದರು. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯೂ 1885ರಲ್ಲಿ ಫರ್ಗ್ಯುಸನ್ ಕಾಲೇಜೂ ಹುಟ್ಟಿದವು. ಸೊಸೈಟಿಯ ಜೀವಾಳವೆಂದರೆ ಆಜೀವ ಸದಸ್ಯರು. ಹೆಸರು ಆಜೀವವಾದರೂ ಕರಾರು ಇಪ್ಪತ್ತು ವರ್ಷದ್ದು. ಅಷ್ಟು ಕಾಲ ಅಲ್ಪ ಸಂಬಳಕ್ಕೆ ಕಲಿಸುವುದಾಗಿ ಮಾತು ಕೊಟ್ಟವರೇ ಸಂಸ್ಥೆಯ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದರು. ಗೋಪಾಲಕೃಷ್ಣ ಗೋಖಲೆಯವರು ಸೇರಿದ್ದು ತಿಂಗಳಿಗೆ 75 ರೂಪಾಯಿಯ ಈ ಕರಾರಿಗೇ. 1902ರವರೆಗೂ ಅವರು ಅಲ್ಲಿ ಕಲಿಸಿದರು.

ಆದರೆ 1890ರಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರನಡೆದರು. ಆಜೀವ ಸದಸ್ಯನಾದವನು ಹೊರಗಿನ ಕೆಲಸ, ಹೊರಗಿನ ಸಂಪಾದನೆ ಇಟ್ಟುಕೊಳ್ಳಬಹುದೇ ಎಂಬುದು ಮುಖ್ಯ ತಕರಾರು. ಕೂಡದೆಂಬುದು ತಿಲಕರ ಪಕ್ಷ. ಗೋಖಲೆಯವರು ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದುದು ಕಿಡಿ ಹೊತ್ತಿಸಿತು. ಸಮಾಜಸುಧಾರಣೆಯ ವಿಷಯದಲ್ಲಿ ಆಗರಕರರಿಗೂ ತಿಲಕರಿಗೂ ಆಗಲೇ ಮನಸ್ಸು ಮುರಿದಿತ್ತು. ಇದನ್ನು ಹಿರಿಯರ ವೈಮನಸ್ಯದ ಕಥೆಯಾಗಿ ಓದುವುದು ವಾಡಿಕೆ. ನಮ್ಮ ಗಮನ ಸೆಳೆಯುವುದು ಬೇರೆಯೇ ಸಂಗತಿ: ಅಂಥ ಸ್ಥಾಪಕರೊಬ್ಬರು ಬಿಟ್ಟುಹೋದ ಮೇಲೂ ಕಾಲೇಜು ಮುಚ್ಚಲಿಲ್ಲ. ಆಗರಕರರು 1892ರಲ್ಲಿ ಪ್ರಾಂಶುಪಾಲರಾಗಿ 1895ರಲ್ಲಿ ತೀರಿಕೊಂಡರು, ಆಗಲೂ ಮುಚ್ಚಲಿಲ್ಲ. ಜಗಳವಾಡಿದವರಿಗೂ ಕರಾರು ಒಂದೇ ಆಗಿತ್ತು, ಸಂಸ್ಥೆ ಯಾರೊಬ್ಬರ ಮನೆತನದ ಆಸ್ತಿಯೂ ಆಗಿರಲಿಲ್ಲ.

ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಶಾಲೆಯೊಂದನ್ನು ತೆರೆದ ಏಳು ಮಂದಿಯ ಕಣ್ಣ ಮುಂದೆ ಪುಣೆಯ ಈ ಮೇಲ್ಪಂಕ್ತಿಯಿತ್ತು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ ಮುಂತಾದ ಇವರನ್ನು ಆ ಭಾಗದ ಜನ ಇಂದಿಗೂ ಸಪ್ತರ್ಷಿಗಳೆನ್ನುತ್ತಾರೆ. ಮರಾಠಿಯ ಮೇಲುಗೈಯಿದ್ದ ಊರಿನಲ್ಲಿ ಕನ್ನಡದ ಮಕ್ಕಳಿಗೊಂದು ನೆಲೆಯಾದ ಆ ಶಾಲೆ ಗಿಲಗಂಚಿ–ಅರಟಾಳ ಹೈಸ್ಕೂಲೆಂದು ಹೆಸರಾಯಿತು. ಸಂಸ್ಥೆ ಕೆಎಲ್‌ಇ ಸೊಸೈಟಿಯಾಯಿತು. ಕಾಲೇಜು ಬರಲು ಹದಿನೇಳು ವರ್ಷ ಹಿಡಿಯಿತು. 1933ರಲ್ಲಿ ತೆರೆದ ಅದಕ್ಕೆ, ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಗತಿಸಿದ್ದ ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರಿಟ್ಟರು.

ಇಂದಿನ ಕೆಎಲ್‌ಇಯ ಗಾತ್ರವನ್ನು, 1963ರಲ್ಲಿ ಅದು ಆರಂಭಿಸಿದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ಬಲ್ಲ ನಮ್ಮ ಸದಸ್ಯರಿಗೆ ಆ ಮೊದಲ ದಿನಗಳ ಸಣ್ಣತನ ಕಲ್ಪನೆಗೆ ನಿಲುಕದು. ದಾನಿಗಳ ಹೆಸರು ಕಲ್ಲಿನ ಮೇಲಿರುವುದರಿಂದ ಎಲ್ಲರಿಗೂ ಕಾಣುತ್ತದೆ, ಅದು ಸರಿಯೇ. ಆದರೆ ದಾನ ಬರುವ ಮೊದಲು ಅದನ್ನು ಯಾರ ಕೈಗೆ ಕೊಡಬೇಕೆಂಬ ನಂಬಿಕೆ ಹುಟ್ಟಬೇಕು. ತಮ್ಮ ಸಂಬಳವನ್ನು ತಾವೇ ಕಡಿಮೆ ಮಾಡಿಕೊಂಡು, ಲೆಕ್ಕವನ್ನು ಎಲ್ಲರೆದುರು ಇಡುವ ಮೇಷ್ಟ್ರುಗಳ ಮೇಲೆ ಅಂಥ ನಂಬಿಕೆ ಹುಟ್ಟುತ್ತದೆ. ಆಜೀವ ಸದಸ್ಯತ್ವದ ಪದ್ಧತಿಯನ್ನು ಬೆಳಗಾವಿಯೂ ಉಳಿಸಿಕೊಂಡಿತು. ಬಸವನಾಳರೂ ಸಾಖರೆಯವರೂ ವಿದ್ವತ್ತಿನ ಕೆಲಸವನ್ನು ಬಿಡಲಿಲ್ಲ. ಮೊದಲಿನವರು ಕೆ.ಆರ್. ಶ್ರೀನಿವಾಸ ಅಯ್ಯಂಗಾರರೊಡನೆ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದದ್ದು 1940ರಲ್ಲಿ.

ಕಾಲೇಜೊಂದು ವಿಚಿತ್ರ ಸಮುದಾಯ. ಅದರ ಬಹುಪಾಲು ಜನ ನಿಯಮದಂತೆಯೇ ಮೂರು ನಾಲ್ಕು ವರ್ಷಕ್ಕೆ ಬಿಟ್ಟುಹೋಗುವವರು. ಉಳಿಯುವವರು ಬೆರಳೆಣಿಕೆಯಷ್ಟು. ಹೋಗುವವರನ್ನು ಹಿಡಿದಿಡಲು ಕಾಲೇಜು ಯತ್ನಿಸುವುದಿಲ್ಲ. ಬರುವವನ ಕೈಗೆ ಏನನ್ನು ಕೊಡಬೇಕೆಂಬುದನ್ನಷ್ಟೇ ಗೊತ್ತುಮಾಡಿಕೊಂಡಿರುತ್ತದೆ. ನಾವು ಎಂಬಿಬಿಎಸ್ ಓದಿದ ಹಾಸ್ಟೆಲ್ಲಿನ ಮೆಸ್ ಡಿವೈಡಿಂಗ್ ಪದ್ಧತಿಯದು. ತಿಂಗಳಿಗೊಬ್ಬ ಮೆಸ್ ಸೆಕ್ರೆಟರಿ. ಅಕ್ಕಿ, ಬೇಳೆ, ತರಕಾರಿಯ ಖರ್ಚೆಲ್ಲ ತಿಂಗಳ ಕೊನೆಗೆ ನೋಟಿಸ್ ಬೋರ್ಡಿನ ಮೇಲೆ. ತಲೆಗೆ ಇಷ್ಟೆಂದು ಹಂಚಿಕೆ. ಸಾರು ನೀರಾದರೆ ಬೈಗುಳ ಅವನಿಗೇ, ಮುಂದಿನ ತಿಂಗಳು ಬೈದವನ ಸರದಿ. ಅನಾಟಮಿಯ ಮೇಜಿನ ಸುತ್ತ ರೋಲ್ ನಂಬರಿನ ಪ್ರಕಾರ ನಿಂತವರು ಇಂದಿಗೂ ಗೆಳೆಯರು ಎಂಬುದು ನಿಜವೇ, ಆದರೆ ಆ ಸ್ನೇಹ ನಮ್ಮ ಬ್ಯಾಚಿನೊಡನೆ ಹೊರಟುಹೋಯಿತು. ಅಲ್ಲಿ ಉಳಿದದ್ದು ಮೆಸ್ಸಿನ ಆ ಪುಸ್ತಕ.

ಈಗ ಮಿರ್ದಿಫ್‌ನ ಮಾತು. ಇಲ್ಲಿ ನಾವೆಲ್ಲರೂ ಬಿಟ್ಟುಹೋಗುವವರೇ. ಸಾಮಾನ್ಯ ವೀಸಾ ಎರಡು ವರ್ಷದ್ದು. ನಮ್ಮಂಥ ಕೆಲವು ವೈದ್ಯರಿಗೆ ಸಿಕ್ಕಿರುವ ಗೋಲ್ಡನ್ ವೀಸಾ ಕೂಡ ಹತ್ತೇ ವರ್ಷದ್ದು, ಎಂದರೆ ಪುಣೆಯ ಕರಾರಿನ ಅರ್ಧ. ವಿಮಾನದ ಸದ್ದಿಗೆ ಮಾತು ನಿಲ್ಲಿಸಿ ಮುಂದುವರಿಸುವ ಈ ಬಡಾವಣೆಯಲ್ಲಿ ಇಪ್ಪತ್ತು ವರ್ಷದ ಮಾತನ್ನು ಯಾರೂ ಕೊಡಲಾರರು, ಕೇಳುವುದೂ ನ್ಯಾಯವಲ್ಲ. ಆದ್ದರಿಂದ ನಮ್ಮ ಶನಿವಾರದ ಕನ್ನಡ ತರಗತಿ ಈವರೆಗೆ ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತಿದೆ. ಅವರ ಮನೆಯ ಹಾಲ್, ಅವರ ಕಪಾಟು, ಅವರ ಫೋನಿನಲ್ಲಿರುವ ಮಕ್ಕಳ ಪಟ್ಟಿ. ಕಲಿಸುವ ನಾಲ್ವರಲ್ಲಿ ಇಬ್ಬರು ಬರುವ ಜೂನ್‌ನಲ್ಲಿ ಊರಿಗೆ ಮರಳುತ್ತಿದ್ದಾರೆ. ಒಬ್ಬರ ಹಿರಿಯ ಮಗಳು ಬೆಳಗಾವಿಯಲ್ಲಿಯೇ ಕಾಲೇಜು ಸೇರಲಿದ್ದಾಳೆ.

ಹಿಂದಿನ ಸಭೆಯಲ್ಲಿ, ಇವರ ಜಾಗಕ್ಕೆ ಇಂಥದೇ ಉತ್ಸಾಹಿಗಳು ತಾವಾಗಿ ಬಂದಾರು ಎಂಬ ಅಭಿಪ್ರಾಯ ಕೇಳಿಬಂತು. ಬಂದರೆ ಸಂತೋಷ. ನಮ್ಮ ಸೂಚನೆ ಮಾತ್ರ ಇಷ್ಟು: ಕಲಿಸಲು ಒಪ್ಪುವವರು ಎರಡೇ ವರ್ಷದ ಮಾತು ಕೊಡಲಿ, ಆದರೆ ಬರೆದು ಕೊಡಲಿ. ಎರಡನೆಯ ವರ್ಷದಲ್ಲಿ ತಮ್ಮೊಡನೆ ಇನ್ನೊಬ್ಬರನ್ನು ಕೂರಿಸಿಕೊಂಡು ಪಾಠ ಮಾಡಲಿ. ತಿಂಡಿ, ಪುಸ್ತಕ, ಜೆರಾಕ್ಸ್ ಖರ್ಚು ಪ್ರತಿ ತಿಂಗಳೂ ಎಲ್ಲ ಮನೆಗಳಿಗೂ ಹಂಚಿಕೆಯಾಗಿ ಹೋಗಲಿ. ಹಾಲ್ ಕೊಟ್ಟವರೇ ಚಹಾ–ಉಪ್ಪಿಟ್ಟನ್ನೂ ಹೊರಬೇಕೆಂಬ ಈಗಿನ ಸಂಕೋಚ ಸಾಕು. ಹಾಜರಿ ಪುಸ್ತಕದ ಮೊದಲ ಪುಟದಲ್ಲಿ, ಯಾರು ಯಾವ ವರ್ಷದಿಂದ ಯಾವ ವರ್ಷದವರೆಗೆ ಕಲಿಸಿದರೆಂದು ಹೆಸರು ಬರೆಯೋಣ. ಮೊದಲ ನಾಲ್ಕು ಹೆಸರು ಸಿದ್ಧವಿವೆ. ಕಪಾಟಿನ ಬೀಗದ ಕೈ ಸದ್ಯಕ್ಕೆ ಜೂನ್‌ನಲ್ಲಿ ಹೊರಡುವವರ ಮನೆಯಲ್ಲಿಯೇ ಇದೆ. ಐದನೆಯ, ಆರನೆಯ ಹೆಸರು ಬರೆಸಲು ಒಪ್ಪುವವರು ಶಾಲೆಗಳಿಗೆ ಬೇಸಿಗೆ ರಜೆ ಬೀಳುವ ಮುನ್ನ ಯಾವ ಶನಿವಾರವಾದರೂ ತರಗತಿಗೆ ಬಂದರೆ, ಕೊಡುವವರೂ ಪಡೆಯುವವರೂ ಎದುರುಬದುರು ಕುಳಿತು ಪುಸ್ತಕಗಳನ್ನು ಎಣಿಸಿಕೊಳ್ಳಬಹುದು.