ಪಾಳೆಯಗಾರನಿಂದ ಪಾಲಿಗಾರ್

ಪಾಳೆಯಗಾರ (ನಾಮಪದ)

‘ಪಾಳೆಯ’ ಎಂದರೆ ದಂಡು ಬೀಡುಬಿಟ್ಟ ಜಾಗ. ಅದರ ಒಡೆಯ ಪಾಳೆಯಗಾರ, ಆಡುಮಾತಿನಲ್ಲಿ ಪಾಳೇಗಾರ. ತಮಿಳಿನಲ್ಲಿ ‘ಪಾಳೈಯಕ್ಕಾರನ್’, ತೆಲುಗಿನಲ್ಲಿ ‘ಪಾಳೆಗಾಡು’. ಬೆಂಗಳೂರಿನ ಕಾಮಾಕ್ಷಿಪಾಳ್ಯದ ‘ಪಾಳ್ಯ’ ಇದರದೇ ಸವೆದ ರೂಪ.

ವಿಜಯನಗರ ಕಾಲದಲ್ಲಿ ಪಾಳೆಯಗಾರರು ಸೀಮೆಯ ಕಂದಾಯ ಎತ್ತಿ, ಅರಸನಿಗೆ ಕಪ್ಪ ಮತ್ತು ದಂಡು ಒದಗಿಸುತ್ತಿದ್ದರು. ಚಿತ್ರದುರ್ಗದ ಪಾಳೆಯಗಾರರಿಗೆ ‘ನಾಯಕ’ ಎಂಬ ಬಿರುದಿತ್ತು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದಾಗ ಅವರ ಆಳ್ವಿಕೆ ಮುಗಿಯಿತು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಹೆಸರಿನಲ್ಲಿ ಆ ಬಿರುದಿನ ಪದ ಇಂದಿಗೂ ಇದೆ.

ಈಸ್ಟ್ ಇಂಡಿಯಾ ಕಂಪನಿಯ ಬರಹಗಳಲ್ಲಿ ಈ ಪದ ‘ಪಾಲಿಗಾರ್’ ಆಯಿತು, ಏಕೆಂದರೆ ಇಂಗ್ಲಿಷಿನಲ್ಲಿ ‘ಳ’ಕಾರವಿಲ್ಲ. ಕಾಗುಣಿತವೂ ಎರಡು ಬಗೆ: ನಡುವೆ ‘ಐ’ ಇರುವುದು ಒಂದು, ‘ವೈ’ ಇರುವುದು ಇನ್ನೊಂದು. ಎರಡನೆಯದು ‘ಹಲವು’ ಎಂಬರ್ಥದ ಗ್ರೀಕ್ ‘ಪಾಲಿ’ಯನ್ನು ಹೋಲುತ್ತದಾದರೂ ಅದರೊಂದಿಗೆ ನಂಟಿಲ್ಲ. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಪದಕ್ಕೆ ನಮೂದಿದೆ.

ಇಂಗ್ಲಿಷಿನಲ್ಲಿ ಇಂದು ಇದು ಇತಿಹಾಸ ಗ್ರಂಥಗಳ ಪದವಷ್ಟೇ. ಕನ್ನಡದಲ್ಲಿ ಮಾತ್ರ ಅರ್ಥ ಹಿಗ್ಗಿದೆ: ಯಾರ ಮಾತಿಗೂ ಸೊಪ್ಪು ಹಾಕದೆ ದರ್ಪ ನಡೆಸುವುದಕ್ಕೆ ‘ಪಾಳೇಗಾರಿಕೆ’ ಎನ್ನುತ್ತಾರೆ.